ಬ್ಯಾಂಡಿಟ್ ಆಡಿದ ಮೇಲೆ ಲಿನಕ್ಸ್ ಅರ್ಥವಾಗತೊಡಗಿತು

ಎರಡು ವರ್ಷ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಬಳಸಿದ ಮೇಲೂ ನನಗೆ ಲಿನಕ್ಸ್ ಬರುತ್ತಿರಲಿಲ್ಲ. ಬ್ರೌಸರ್, ಲಿಬ್ರೆಆಫೀಸ್, ಕನ್ನಡ ಕೀಬೋರ್ಡ್ ಎಲ್ಲ ಹೊಂದಿಸಿಕೊಂಡಿದ್ದೆ, ಕೆಲಸ ನಡೆಯುತ್ತಿತ್ತು. ಏನಾದರೂ ಕೆಟ್ಟರೆ ನೆಟ್‌ನಲ್ಲಿ ಹುಡುಕುವುದು, ಸಿಕ್ಕ ಕಮಾಂಡನ್ನು ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೆ, ಅಂಟಿಸುವುದು, ಎಂಟರ್ ಒತ್ತುವುದು. ಒಂದು ದಿನ ಯಾವುದೋ ಫೈಲ್ ತೆರೆಯಲು ಅನುಮತಿ ಇಲ್ಲ ಅಂತ ಬಂತು. ಹಾಗೇ ಹುಡುಕಿ ಸಿಕ್ಕಿದ, ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡನ್ನು ಹಾಕಿ, ಪ್ರೋಗ್ರಾಂಗಳಿರುವ ಯುಎಸ್ಆರ್ ಫೋಲ್ಡರ್‌ನಲ್ಲಿರುವ ಎಲ್ಲದಕ್ಕೂ 777, ಅಂದರೆ ಯಾರು ಬೇಕಾದರೂ ಓದಿ, ಬರೆದು, ಓಡಿಸುವ ಅನುಮತಿ ಕೊಟ್ಟುಬಿಟ್ಟೆ. ಆಮೇಲೆ, ಆಡಳಿತಗಾರನ (ರೂಟ್) ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೊ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಅನುಮತಿ ಜಾಸ್ತಿ ಕೊಟ್ಟರೆ ಕೆಲಸ ನಿಲ್ಲುವುದು ಹೇಗೆ? ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ, ಆದರೆ ಆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು.

ಉತ್ತರ ಸಿಕ್ಕಿದ್ದು ಓವರ್‌ದವೈರ್ ಅನ್ನುವ ತಾಣದ ಬ್ಯಾಂಡಿಟ್ ಆಟದಲ್ಲಿ. ನಿಮ್ಮ ಪರಿಸ್ಥಿತಿಯೂ ನನ್ನ ಹಾಗೇ ಇದ್ದರೆ, ಅಂದರೆ ಲಿನಕ್ಸ್ ಹಾಕಿಕೊಂಡಿದ್ದೀರಿ ಆದರೆ ಟರ್ಮಿನಲ್ ಕಂಡರೆ ಅಳುಕು ಅನ್ನುವ ಹಾಗಿದ್ದರೆ, ದುಡ್ಡು ಕೊಟ್ಟು ಕೋರ್ಸ್ ಸೇರುವ ಮುಂಚೆ ಇದನ್ನು ಆಡಿ. ಪೂರ್ತಿ ಉಚಿತ. ಹೆಸರು, ಇಮೇಲ್ ಏನೂ ಕೇಳುವುದಿಲ್ಲ.

ಆಟ ಅಂದರೆ ಇಷ್ಟೇ. ದೂರದ ಅವರ ಕಂಪ್ಯೂಟರ್‌ಗೆ ನೀವು ಎಸ್ಎಸ್ಎಚ್ (ದೂರದ ಕಂಪ್ಯೂಟರನ್ನು ಟರ್ಮಿನಲ್‌ನಿಂದ ಸುರಕ್ಷಿತವಾಗಿ ಬಳಸುವ ವಿಧಾನ) ಮೂಲಕ ಲಾಗಿನ್ ಆಗುತ್ತೀರಿ. ಅಲ್ಲಿ ಎಲ್ಲೋ ಮುಂದಿನ ಹಂತದ ಪಾಸ್‌ವರ್ಡ್ ಅಡಗಿರುತ್ತದೆ. ಹುಡುಕಿ ತೆಗೆದು ಅದರಿಂದ ಮುಂದಿನ ಹಂತಕ್ಕೆ ಲಾಗಿನ್ ಆಗಬೇಕು. ಹೀಗೆ ಮೂವತ್ತಕ್ಕೂ ಹೆಚ್ಚು ಹಂತ. ಪ್ರತಿ ಹಂತದ ಪುಟದಲ್ಲೂ ಗುರಿ ಏನು ಅಂತ ಎರಡು ಮೂರು ಸಾಲು ಇರುತ್ತದೆ, ಬೇಕಾಗಬಹುದಾದ ಕಮಾಂಡ್‌ಗಳ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಹೇಗೆ ಬಳಸಬೇಕು ಅಂತ ಹೇಳುವುದಿಲ್ಲ. ಅದಕ್ಕೆ ಮ್ಯಾನ್ ಪುಟ, ಅಂದರೆ ಲಿನಕ್ಸ್‌ನಲ್ಲೇ ಇರುವ ಕಮಾಂಡಿನ ಕೈಪಿಡಿ, ಓದಲೇಬೇಕು, ಬೇರೆ ದಾರಿ ಇಲ್ಲ. ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಇದೇ.

ಮೊದಲ ಹಂತಗಳು ಸಣ್ಣವು. ಒಂದರಲ್ಲಿ ಫೈಲಿನ ಹೆಸರು ಬರೀ ಒಂದು ಅಡ್ಡಗೀಟು. ಫೈಲಿನಲ್ಲಿರುವುದನ್ನು ತೋರಿಸುವ ಕ್ಯಾಟ್ ಕಮಾಂಡ್ ಬರೆದು ಆ ಗೀಟು ಹಾಕಿದರೆ ಏನೂ ಆಗುವುದಿಲ್ಲ, ಕರ್ಸರ್ ಸುಮ್ನೆ ಮಿನುಗುತ್ತಾ ಕೂರುತ್ತದೆ. ಯಾಕೆ ಅಂತ ಹುಡುಕುತ್ತಾ ಹೋದರೆ, ಕ್ಯಾಟ್ ಪಾಲಿಗೆ ಆ ಗೀಟು ಫೈಲ್ ಅಲ್ಲ, ನಾವು ಕೀಬೋರ್ಡ್‌ನಲ್ಲಿ ಏನಾದರೂ ಟೈಪ್ ಮಾಡಲಿ ಅಂತ ಅದು ಕಾಯುತ್ತಿದೆ ಅಂತ ತಿಳಿಯುತ್ತದೆ. ಆರನೇ ಹಂತದಲ್ಲಿ ಇಡೀ ಸರ್ವರ್ ಜಾಲಾಡಿ 33 ಬೈಟ್‌ನ ಒಂದು ಫೈಲ್ ಹುಡುಕಬೇಕು. ಫೈಂಡ್ ಕಮಾಂಡ್ ಹಾಕಿದ ತಕ್ಷಣ ಅನುಮತಿ ಇಲ್ಲ, ಅನುಮತಿ ಇಲ್ಲ ಅಂತ ಪರದೆ ತುಂಬಾ ಸಾಲು ಹರಿಯುತ್ತದೆ, ನಿಮಗೆ ಬೇಕಾದ ಒಂದೇ ಒಂದು ಸಾಲು ಆ ಪ್ರವಾಹದಲ್ಲಿ ಎಲ್ಲೋ ಕೊಚ್ಚಿಹೋಗಿರುತ್ತದೆ. ಉತ್ತರ ಹರಿಯುವ ಕಾಲುವೆ ಬೇರೆ, ದೂರು ಹರಿಯುವ ಕಾಲುವೆ ಬೇರೆ, ಎರಡನೆಯದನ್ನು ಮಾತ್ರ ಮುಚ್ಚಬಹುದು ಅಂತ ನಾನು ಅವತ್ತು ಕಲಿತೆ. ಈಗ ವಾರಕ್ಕೊಮ್ಮೆಯಾದರೂ ಅದನ್ನು ಬಳಸುತ್ತೇನೆ.

ಆಮೇಲೆ ಪೈಪ್. ಒಂದು ಕಮಾಂಡಿನ ಉತ್ತರವನ್ನು ಇನ್ನೊಂದರ ಬಾಯಿಗೆ ಹಾಕುವ ಈ ಉಪಾಯ 1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗೆ ಸೇರಿದ್ದು, ಇವತ್ತಿಗೂ ಹಾಗೇ ನಡೆಯುತ್ತಿದೆ. ಎಂಟನೇ ಹಂತದಲ್ಲಿ ನೂರಾರು ಸಾಲುಗಳ ಮಧ್ಯೆ ಒಮ್ಮೆ ಮಾತ್ರ ಬರುವ ಸಾಲು ಹಿಡಿಯಬೇಕು. ಮರುಕಳಿಸಿದ ಸಾಲು ತೆಗೆಯುವ ಯುನಿಕ್ (uniq) ಕಮಾಂಡ್ ಒಂದರ ಪಕ್ಕ ಒಂದು ಇರುವ ಸಾಲುಗಳನ್ನಷ್ಟೇ ಹೋಲಿಸುತ್ತದೆ. ಇಷ್ಟು ಸುಳಿವು ಸಾಕು. ಉತ್ತರ ಹಂಚಬೇಡಿ ಅಂತ ಆಟ ನಡೆಸುವವರೇ ಕೇಳಿಕೊಂಡಿದ್ದಾರೆ, ಅದಕ್ಕೇ ಮುಂದೆ ಹೇಳುವುದಿಲ್ಲ.

ಇನ್ನು ನನ್ನ ಹಳೆಯ ಪ್ರಶ್ನೆ. 19ನೇ ಹಂತ ಸೆಟ್‌ಯುಐಡಿ ಬಗ್ಗೆ. ಕೆಲವು ಪ್ರೋಗ್ರಾಂಗಳು ಓಡಿಸಿದವರ ಹೆಸರಲ್ಲಿ ಓಡುವುದಿಲ್ಲ, ಒಡೆಯನ ಹೆಸರಲ್ಲಿ ಓಡುತ್ತವೆ. ಅದಕ್ಕೆ ಅವುಗಳ ಅನುಮತಿಯಲ್ಲಿ ಎಕ್ಸ್ ಇರಬೇಕಾದ ಜಾಗದಲ್ಲಿ ಎಸ್ ಇರುತ್ತದೆ. ಓದಿದ ತಕ್ಷಣ ನನ್ನ ಲ್ಯಾಪ್‌ಟಾಪ್‌ನಲ್ಲಿ ಸುಡೊ ಫೈಲಿನ ಅನುಮತಿ ಏನಿದೆ ಅಂತ ನೋಡಿದೆ. ಎಸ್ ಇತ್ತು! ನಾನು 777 ಹಾಕಿದಾಗ ಅಳಿಸಿಹೋಗಿದ್ದು ಆ ಒಂದು ಅಕ್ಷರ. ರಾತ್ರಿ ಹನ್ನೊಂದಾಗಿತ್ತು, ಖುಷಿಗೆ ನಿದ್ದೆಯೇ ಬರಲಿಲ್ಲ.

ಕೊರತೆಗಳೂ ಇವೆ. ಎಲ್ಲ ಇಂಗ್ಲಿಷ್‌ನಲ್ಲೇ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪಕ್ಕದಲ್ಲಿ ಯಾರಾದರೂ ಕೂತು ಹೇಳಿದರೆ ಒಳ್ಳೆಯದು. 12ನೇ ಹಂತದಲ್ಲಿ ಗಂಟಿನೊಳಗೆ ಗಂಟು ಕಟ್ಟಿದ ಹಾಗೆ ಮತ್ತೆ ಮತ್ತೆ ಕಂಪ್ರೆಸ್ ಮಾಡಿದ ಫೈಲ್ ಬಿಚ್ಚಬೇಕು, ಮೂರನೇ ಸಲಕ್ಕೇ ವಿಷಯ ಅರ್ಥವಾಗಿರುತ್ತದೆ, ಉಳಿದದ್ದು ಬರೀ ಬೇಸರ. 26ನೇ ಹಂತ ಒಳ್ಳೆಯ ಒಗಟು, ಆದರೆ ದಿನದ ಕೆಲಸಕ್ಕೆ ಬರುವಂಥದ್ದಲ್ಲ. ದೊಡ್ಡ ಕೊರತೆ ಬೇರೆ ಇದೆ. ಅಲ್ಲಿ ನೀವು ಬೇರೆಯವರ ಕಂಪ್ಯೂಟರ್‌ನಲ್ಲಿ ಸಾಮಾನ್ಯ ಬಳಕೆದಾರ ಅಷ್ಟೇ, ಹಾಗಾಗಿ ಪ್ಯಾಕೇಜ್ ಹಾಕುವುದು, ಸರ್ವಿಸ್ ನಿಂತರೆ ಎಬ್ಬಿಸುವುದು, ಡಿಸ್ಕ್ ಪಾರ್ಟಿಷನ್ ಮಾಡುವುದು ಯಾವುದೂ ಬರುವುದಿಲ್ಲ. ಅದಕ್ಕೆ ನಾನು ಜೊತೆಜೊತೆಗೇ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಹಾಕಿಕೊಂಡೆ, ಡೆಸ್ಕ್‌ಟಾಪ್ ಇಲ್ಲದೆ, ಬರೀ ಟರ್ಮಿನಲ್. ಆ ಸ್ಥಿತಿಗೇ ಮರಳಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡು ಬೇಕಂತಲೇ ಕೆಡಿಸುತ್ತಿದ್ದೆ, ಸಿಸ್ಟಂನ ದಾಖಲೆಗಳನ್ನು ತೋರಿಸುವ ಜರ್ನಲ್‌ಸಿಟಿಎಲ್ ಓದಿ ಸರಿಮಾಡಲು ನೋಡುತ್ತಿದ್ದೆ, ಆಗದಿದ್ದರೆ ಹಿಂದಕ್ಕೆ ಹೋಗುತ್ತಿದ್ದೆ. ಬ್ಯಾಂಡಿಟ್ ಅರ್ಧ, ಇದು ಅರ್ಧ.

ಶುರುಮಾಡುವವರಿಗೆ ಇನ್ನಷ್ಟು. ಪೋರ್ಟ್, ಅಂದರೆ ಸರ್ವರ್‌ಗೆ ಹೋಗುವ ಬಾಗಿಲಿನ ಸಂಖ್ಯೆ, 2220. ಎಸ್ಎಸ್ಎಚ್ ಕಮಾಂಡಿನಲ್ಲಿ ಅದನ್ನು ಕೊಡದಿದ್ದರೆ ಒಳಗೆ ಬಿಡುವುದಿಲ್ಲ. ಕೆಲವು ಕಾಲೇಜು, ಆಫೀಸುಗಳ ನೆಟ್‌ವರ್ಕ್‌ನಲ್ಲಿ ಈ ಪೋರ್ಟ್ ಮುಚ್ಚಿರುತ್ತಾರೆ, ಆಗ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿ. ವಿಂಡೋಸ್ 10, 11ರಲ್ಲೂ ಎಸ್ಎಸ್ಎಚ್ ಜೊತೆಗೇ ಬರುತ್ತದೆ, ಲಿನಕ್ಸ್ ಹಾಕುವ ಮುಂಚೆಯೇ ಆಡಬಹುದು. ಟೈಪ್ ಮಾಡುವಾಗ ಪಾಸ್‌ವರ್ಡ್ ಪರದೆಯ ಮೇಲೆ ಕಾಣುವುದಿಲ್ಲ, ಗಾಬರಿಯಾಗಬೇಡಿ. ಮತ್ತೆ, ಎಲ್ಲಿಯವರೆಗೆ ಬಂದಿದ್ದೀರಿ ಅಂತ ಆಟ ನೆನಪಿಟ್ಟುಕೊಳ್ಳುವುದಿಲ್ಲ, ಸಿಕ್ಕ ಪ್ರತಿ ಪಾಸ್‌ವರ್ಡನ್ನೂ ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ, ಪಕ್ಕದಲ್ಲೇ ಯಾವ ಕಮಾಂಡ್‌ನಿಂದ ಸಿಕ್ಕಿತು ಅನ್ನುವುದನ್ನೂ.