ಪೋಷಕಾಂಶ ಲೇಬಲ್ ತಂತ್ರಾಂಶ: ಪ್ರದರ್ಶನದ ಆಯ್ಕೆಗಳ ಪರಿಶೀಲನೆ

ಪದಾರ್ಥಗಳ ಪಟ್ಟಿಯನ್ನೂ ತೂಕವನ್ನೂ ನಮೂದಿಸಿದರೆ ಪೋಷಕಾಂಶಗಳ ಲೆಕ್ಕ ಹಾಕಿ ಲೇಬಲ್ ಸಿದ್ಧಪಡಿಸಿಕೊಡುವ ತಂತ್ರಾಂಶವೊಂದನ್ನು ಆಹಾರ ತಯಾರಿಕೆಯ ಕೆಲಸದಲ್ಲಿ ಬಳಸುತ್ತಿದ್ದೇನೆ. ಅದರಲ್ಲಿ ಯಾವ ಪೋಷಕಾಂಶ ಲೇಬಲ್ ಮೇಲೆ ಕಾಣಬೇಕು, ಯಾವ ರೂಪದಲ್ಲಿ ಕಾಣಬೇಕು ಎಂಬುದನ್ನು ನಿಗದಿಪಡಿಸುವ ಪುಟದ ಬಗ್ಗೆಯಷ್ಟೇ ಇಲ್ಲಿ ಬರೆಯುತ್ತೇನೆ. ಏಕೆಂದರೆ ಲೆಕ್ಕವೆಲ್ಲ ಸರಿಯಿದ್ದರೂ ಇಲ್ಲಿನ ಒಂದು ಗುರುತು ಏರುಪೇರಾದರೆ ಲೇಬಲ್ ನಿಯಮಬಾಹಿರವಾಗುತ್ತದೆ.

ಮೊದಲು ಯಾವ ದೇಶದ ಮಾದರಿ ಎಂಬುದನ್ನು ಆರಿಸಬೇಕು. ಅಮೆರಿಕದ ಮಾದರಿಯನ್ನು ಆರಿಸಿದ ಕೂಡಲೇ ಕಡ್ಡಾಯ ಪೋಷಕಾಂಶಗಳ ಸಾಲುಗಳಿಗೆ ಬೀಗದ ಚಿಹ್ನೆ ಬೀಳುತ್ತದೆ, ಅವುಗಳನ್ನು ತೆಗೆಯಲು ಬರುವುದಿಲ್ಲ. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಯಮವನ್ನು ಪರಿಷ್ಕರಿಸಿದಾಗ ವಿಟಮಿನ್ ಡಿ, ಪೊಟ್ಯಾಸಿಯಂ ಹಾಗೂ ಸೇರಿಸಿದ ಸಕ್ಕರೆ (ತಯಾರಿಕೆಯಲ್ಲಿ ಬೆರೆಸಿದ್ದು) ಕಡ್ಡಾಯವಾದವು, ವಿಟಮಿನ್ ಎ ಮತ್ತು ಸಿ ಐಚ್ಛಿಕವಾದವು; ತಂತ್ರಾಂಶವು ಇದನ್ನು ಸರಿಯಾಗಿ ಪಾಲಿಸುತ್ತದೆ. ಪೊಟ್ಟಣದ ಮೇಲೆ ವಿಟಮಿನ್ ಸಿ ಬಗ್ಗೆ ಹೇಳಿಕೆಯಿದೆ ಎಂದು ಗುರುತು ಮಾಡಿದರೆ ಆ ಐಚ್ಛಿಕ ಸಾಲಿಗೂ ತಾನಾಗಿಯೇ ಬೀಗ ಬೀಳುತ್ತದೆ, ಹೇಳಿಕೆ ನೀಡಿದ ಪೋಷಕಾಂಶದ ಪ್ರಮಾಣವನ್ನು ತೋರಿಸಲೇಬೇಕೆಂಬ ನಿಯಮವಿರುವುದರಿಂದ. ಈ ಮುಂದಾಲೋಚನೆ ನನಗೆ ಬಹಳ ಮೆಚ್ಚುಗೆಯಾಯಿತು. ಯುರೋಪಿನ ಮಾದರಿಗೆ ಬದಲಾಯಿಸಿದಾಗ ಸೋಡಿಯಂ ಸಾಲು ಹೋಗಿ ಅದರ 2.5 ಪಟ್ಟಿನ ಲೆಕ್ಕದಲ್ಲಿ ಉಪ್ಪಿನ ಸಾಲು ಬರುತ್ತದೆ, ಶಕ್ತಿಯ ಪ್ರಮಾಣ ಕಿಲೋಜೂಲ್‌ನಲ್ಲೂ ಕಾಣಿಸುತ್ತದೆ.

ಪೂರ್ಣಾಂಕಗೊಳಿಸುವಿಕೆಯ ವ್ಯವಸ್ಥೆಯೂ ಚೆನ್ನಾಗಿದೆ. ಅಮೆರಿಕದ ನಿಯಮದಂತೆ 50 ಕ್ಯಾಲೊರಿಯವರೆಗೆ ಸಮೀಪದ 5ಕ್ಕೆ, ಅದಕ್ಕಿಂತ ಹೆಚ್ಚಿದ್ದರೆ ಸಮೀಪದ 10ಕ್ಕೆ ಸರಿಹೊಂದಿಸಬೇಕು. ಒಂದು ಸರ್ವಿಂಗ್‌ನಲ್ಲಿ (ಒಮ್ಮೆಗೆ ತಿನ್ನುವ ಪ್ರಮಾಣದಲ್ಲಿ) ಕೊಬ್ಬು 0.5 ಗ್ರಾಂಗಿಂತ ಕಡಿಮೆಯಿದ್ದರೆ ಸೊನ್ನೆ ಎಂದು ಬರೆಯಬೇಕು. ಮೂಲ ಮೌಲ್ಯವನ್ನೂ ಲೇಬಲ್ ಮೌಲ್ಯವನ್ನೂ ಅಕ್ಕಪಕ್ಕದಲ್ಲಿ ತೋರಿಸುವುದರಿಂದ, 0.46 ಗ್ರಾಂ ಕೊಬ್ಬು ಸೊನ್ನೆಯಾದದ್ದು ಕಣ್ಣಿಗೆ ಕಾಣುತ್ತದೆ. ಸರ್ವಿಂಗ್‌ನ ತೂಕವನ್ನು ಸ್ವಲ್ಪ ಹೆಚ್ಚಿಸಿದರೆ ಅದೇ ಸಾಲು 0.5 ಗ್ರಾಂ ಆಗುವುದನ್ನೂ ನೋಡಬಹುದು.

ನನ್ನ ಗಂಭೀರ ಆಕ್ಷೇಪವಿರುವುದು ಮಾಹಿತಿಯೇ ಇಲ್ಲದ ಪೋಷಕಾಂಶಗಳನ್ನು ಈ ಪುಟ ನಿರ್ವಹಿಸುವ ರೀತಿಗೆ. ದತ್ತಸಂಚಯದಲ್ಲಿ ಎಲ್ಲ ಪದಾರ್ಥಗಳಿಗೂ ಎಲ್ಲ ಪೋಷಕಾಂಶಗಳ ವಿಶ್ಲೇಷಣೆ ಇರುವುದಿಲ್ಲ, ಅದರಲ್ಲೂ ವಿಟಮಿನ್ ಡಿ ಕೋಷ್ಠಕ ಅನೇಕ ಕಡೆ ಖಾಲಿ. ಖಾಲಿ ಎಂದರೆ ಅಳೆದಿಲ್ಲ ಎಂದರ್ಥವೇ ಹೊರತು ಇಲ್ಲ ಎಂದಲ್ಲ. ಆದರೆ ಈ ತಂತ್ರಾಂಶ ಎರಡನ್ನೂ ಸೊನ್ನೆಯೆಂದೇ ಕೂಡಿಸಿ, ಯಾವ ಎಚ್ಚರಿಕೆಯನ್ನೂ ನೀಡದೆ ಲೇಬಲ್ ಮೇಲೆ 0 ಎಂದು ಮುದ್ರಿಸುತ್ತದೆ. ಸೋಡಿಯಂ ನಿಯಂತ್ರಿಸಬೇಕಾದವರು, ಕೊಬ್ಬಿನ ಲೆಕ್ಕವಿಡುವವರು ಆ ಅಂಕಿಯನ್ನು ನಂಬಿಯೇ ತಿನ್ನುತ್ತಾರೆ. ಹೀಗಿರುವಾಗ ಅಳೆಯದ ಸೊನ್ನೆಯನ್ನು ಅಳೆದ ಸೊನ್ನೆಯ ಪಕ್ಕದಲ್ಲಿ ಕೂರಿಸುವುದನ್ನು ನಾನು ಒಪ್ಪಲಾರೆ. ಅಂಥ ಸಾಲನ್ನು ಕೆಂಪಾಗಿ ತೋರಿಸಿ, ಮೌಲ್ಯ ತುಂಬುವವರೆಗೆ ಮುದ್ರಣವನ್ನು ತಡೆಯುವ ಆಯ್ಕೆ ಇರಲೇಬೇಕಿತ್ತು.

ಸೇರಿಸಿದ ಸಕ್ಕರೆಯ ವಿಷಯದಲ್ಲೂ ಜಾಗ್ರತೆ ಬೇಕು. ಹಣ್ಣಿನಲ್ಲಿರುವ ಸಕ್ಕರೆಯನ್ನೂ ತಯಾರಕರು ಬೆರೆಸಿದ ಸಕ್ಕರೆಯನ್ನೂ ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆ ಬೇರ್ಪಡಿಸಲಾರದು. ಅದು ಪದಾರ್ಥಗಳ ಲೆಕ್ಕದಿಂದಲೇ ತಿಳಿಯಬೇಕಾದದ್ದು. ಆದ್ದರಿಂದ ಬೆಲ್ಲ, ಜೇನು, ಸಿರಪ್ ಮುಂತಾದ ಪ್ರತಿ ಪದಾರ್ಥಕ್ಕೂ ಬಳಕೆದಾರರೇ ಪ್ರತ್ಯೇಕವಾಗಿ ಗುರುತು ಹಾಕಬೇಕು. ಹಾಕದಿದ್ದರೆ ಆ ಸಾಲು ಕಡಿಮೆ ಅಂಕಿಯನ್ನೇ ತೋರಿಸುತ್ತದೆ.

ಅಕ್ಷರಗಳ ಗಾತ್ರ, ಅಡ್ಡ ಮತ್ತು ಉದ್ದ ವಿನ್ಯಾಸ, ಮುನ್ನೋಟ ಇವೆಲ್ಲ ತೃಪ್ತಿಕರವಾಗಿವೆ. ನಿಯಮಗಳ ಪರಿಚಯವಿರುವವರು ಕೈಯಲ್ಲಿದ್ದರೆ ಈ ತಂತ್ರಾಂಶವನ್ನು ಕೊಳ್ಳಬಹುದು. ಹಾಗಿಲ್ಲದ ಸಣ್ಣ ತಯಾರಕರು ಪ್ರತಿ ಲೇಬಲ್ ಮುದ್ರಿಸುವ ಮೊದಲು ಪದಾರ್ಥವಾರು ವರದಿಯನ್ನು ತೆರೆದು, ಖಾಲಿ ಕೋಷ್ಠಕಗಳನ್ನು ಒಂದೊಂದಾಗಿ ನೋಡಿ, ಸರಬರಾಜುದಾರರಿಂದ ವಿಶ್ಲೇಷಣಾ ಪತ್ರ ತರಿಸಿಕೊಂಡು ತುಂಬುವುದು ಅಗತ್ಯ.