ವಿದ್ಯಾಸಿರಿಯೋ, ರೈತ ವಿದ್ಯಾನಿಧಿಯೋ: ಯಾವುದು ನ್ಯಾಯ?

ಎರಡೂ ಕರ್ನಾಟಕ ಸರ್ಕಾರ ವಿದ್ಯಾರ್ಥಿಗಳಿಗೆ ಹಣ ಕೊಡಲು ತಂದ ಯೋಜನೆಗಳು. ವಿದ್ಯಾಸಿರಿ ಮನೆಯ ಆದಾಯ ನೋಡುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ, 2013ರಲ್ಲಿ ಶುರುವಾದಾಗ, ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. 2021ರಲ್ಲಿ ರೈತರ ಮಕ್ಕಳಿಗೆಂದು ಬಂದ ರೈತ ವಿದ್ಯಾನಿಧಿ ಆದಾಯ ಕೇಳಲಿಲ್ಲ, ಜಮೀನು ಕೇಳಿತು. ಶುರುವಾದಾಗ ಪದವಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ.

ರೈತ ವಿದ್ಯಾನಿಧಿಯಲ್ಲಿ, ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಕಾಲುವೆ ನೀರಿಗೆ ಎರಡು ಬೆಳೆ ಭತ್ತ ತೆಗೆಯುವವರಿಗೂ, ದೇವದುರ್ಗದಲ್ಲಿ ಮಳೆ ನಂಬಿದ ಎರಡೆಕರೆಯವರಿಗೂ ಒಂದೇ ಮೊತ್ತ ಇತ್ತು. ಅದು ಸರೀನಾ? ನನಗೆ ಆದಾಯ ನೋಡಿ ಕೊಡುವುದೇ ನ್ಯಾಯ ಅನ್ನಿಸುತ್ತದೆ. ರಾಯಚೂರಿನಲ್ಲಿ ರೂಮು ಮಾಡಿದ ಹುಡುಗಿಗೆ ಬಾಡಿಗೆ, ಊಟ ತಿಂಗಳು ತಿಂಗಳೂ ಬೇಕಲ್ವಾ?

ತೊಡಕು ಇರುವುದು ಆದಾಯ ಪ್ರಮಾಣಪತ್ರದಲ್ಲಿ. ಬೆಂಗಳೂರಿಗೆ ಗುಳೆ ಹೋದ ಅಪ್ಪ ಅಮ್ಮನಿಗೆ ಊರಿನ ನಾಡಕಚೇರಿ ಬಹಳ ದೂರ. ಹಬ್ಬಕ್ಕೆ ಬಂದಾಗಲೇ ಮಾಡಿಸಿಟ್ಟುಕೊಳ್ಳಿ.