ಅಪ್ಪ ಅಮ್ಮನ ಜೊತೆ ಅಲಾಸ್ಕಾ ಕ್ರೂಸ್ ಹೋಗುವವರೇ, ಜೂನೋದಲ್ಲಿ ವಾಪಸ್ ಬಸ್ಸಿನ ಬಗ್ಗೆ ಎಚ್ಚರ

ಊರಿಂದ ಬಂದ ಅಪ್ಪ ಅಮ್ಮನನ್ನು ಈ ಬೇಸಿಗೆಯಲ್ಲಿ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಹಡಗಿನಿಂದ ಇಳಿದ ಕೂಡಲೇ ಮೆಂಡೆನ್‌ಹಾಲ್ ಗ್ಲೇಸಿಯರ್‌ಗೆ (ಹಿಮನದಿಗೆ) ಬಸ್ ಟಿಕೆಟ್ ಮಾರುವ ಕೌಂಟರ್‌ಗಳು ಸಾಲಾಗಿ ಸಿಗುತ್ತವೆ. ಹೋಗಿ ಬರುವುದಕ್ಕೆ ಒಂದೇ ಟಿಕೆಟ್ ಅನ್ನುತ್ತಾರೆ. ಹೋಗುವುದಕ್ಕೆ ಸೀಟು ಸಿಗುತ್ತದೆ. ಬರುವುದಕ್ಕೆ ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿ ಎಲ್ಲಾ ಟಿಕೆಟ್ಟಿನಲ್ಲೂ ಇರುವುದಿಲ್ಲ. ನಮ್ಮ ಮನೆಯವರು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ನಮ್ಮ ಹಡಗು ಸಿಯಾಟಲ್‌ನಿಂದ ಹೊರಟಿದ್ದು. ಬೆಳಿಗ್ಗೆ ಜೂನೋ ತಲುಪಿ, ಅದೇ ಮಧ್ಯಾಹ್ನ ಮುಂದಕ್ಕೆ ಹೊರಡಬೇಕಿತ್ತು. ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು ಅನ್ನುವುದು ನಿಯಮ. ಅವತ್ತು ಬಂದರಿನ ತುಂಬ ದೊಡ್ಡ ದೊಡ್ಡ ಹಡಗುಗಳು. ಜೂನೋದ ಜನಸಂಖ್ಯೆ ಸುಮಾರು 32 ಸಾವಿರ ಅಷ್ಟೇ. ಜನ ಜಾಸ್ತಿಯಾಗಿ ಊರಿಗೆ ಕಷ್ಟವಾಗುತ್ತದೆ ಅಂತ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಿತಿ ಹಾಕಿಕೊಂಡಿದ್ದಾರೆ. ಆದರೆ ಐದು ಹಡಗು ಅಂದರೂ ಸಾವಿರಾರು ಜನ. ಬಂದವರಲ್ಲಿ ಬಹಳ ಜನಕ್ಕೆ ನೋಡಬೇಕಾಗಿರುವುದು ಊರಿಂದ ಇಪ್ಪತ್ತು ಕಿಲೋಮೀಟರ್ ದೂರದ ಅದೇ ಗ್ಲೇಸಿಯರ್.

ಕ್ರೂಸ್ ಕಂಪನಿಯ ಟೂರ್ ದುಬಾರಿ. ಕೌಂಟರಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ನಾನು ಸುಮ್ನೆ ದುಡ್ಡು ಕೊಟ್ಟು ಬರಲಿಲ್ಲ. ಜೊತೆಗೆ ವಯಸ್ಸಾದವರಿದ್ದಾರೆ, ನಮ್ಮ ಹಡಗು ಇಷ್ಟು ಹೊತ್ತಿಗೆ ಹೊರಡುತ್ತದೆ, ವಾಪಸ್ ಬಸ್ ಹೇಗೆ ಅಂತ ಬಿಡಿಸಿ ಕೇಳಿದೆ. 'ಅರ್ಧ ಗಂಟೆಗೊಂದು ಬಸ್ ಇರುತ್ತೆ, ನಿಮಗೆ ಬೇಕಾದಾಗ ಹತ್ತಿ' ಅಂದರು. ಕೈಗೆ ಒಂದು ಚೀಟಿ ಕೊಟ್ಟರು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ, ವಾಪಸ್ ಪ್ರಯಾಣ ಸೀಟು ಇದ್ದರೆ ಮಾತ್ರ, ಹಡಗು ತಪ್ಪಿದರೆ ನಾವು ಹೊಣೆಯಲ್ಲ ಅಂತ ಇತ್ತು. ಬಾಯಲ್ಲಿ ಹೇಳಿದ್ದು ಒಂದು, ಚೀಟಿಯಲ್ಲಿ ಬರೆದಿದ್ದು ಇನ್ನೊಂದು. ಇದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ.

ಜಾಗದ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲಾರೆ. ಕೆರೆಯ ಆಚೆ ನೀಲಿ ಬಣ್ಣದ ಹಿಮ, ಪಕ್ಕದಲ್ಲಿ ಧುಮ್ಮಿಕ್ಕುವ ನಗೆಟ್ ಫಾಲ್ಸ್. ಅಮ್ಮ ಕಲ್ಲಿನ ಕಟ್ಟೆ ಹಿಡಿದು ನಿಂತು ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಗ್ಲೇಸಿಯರ್ ವರ್ಷ ವರ್ಷ ಹಿಂದೆ ಸರಿಯುತ್ತಿದೆ. ಹಾಗಾಗಿ ಹೋಗಬೇಡಿ ಅನ್ನುತ್ತಿಲ್ಲ. ಖಂಡಿತ ಹೋಗಿ, ಬರುವ ದಾರಿ ಗಟ್ಟಿ ಮಾಡಿಕೊಂಡು ಹೋಗಿ.

ಹಡಗು ಹತ್ತುವ ಹೊತ್ತಿಗೆ ಎರಡೂವರೆ ಗಂಟೆ ಇರುವಾಗಲೇ ನಾವು ಬಸ್ ನಿಲ್ಲುವ ಜಾಗಕ್ಕೆ ಬಂದೆವು. ದಾರಿ ಅರ್ಧ ಗಂಟೆಯದ್ದು, ಅಷ್ಟು ಸಮಯ ಧಾರಾಳ ಸಾಕು. ಆದರೆ ಸಾಲು ಆಗಲೇ ಪಾರ್ಕಿಂಗ್ ಜಾಗದ ತಿರುವಿನವರೆಗೆ ಬೆಳೆದಿತ್ತು. ಮಳೆ ಹಿಡಿದುಕೊಂಡಿತ್ತು. ಮೊದಲನೇ ಬಸ್ ಬಂತು, ಒಳಗೆ ನೋಡಿದರೆ ಮುಕ್ಕಾಲು ತುಂಬಿದೆ. ಆಕ್ ಬೇ (Auke Bay) ಅನ್ನುವ ಜಾಗದ ಕಡೆಯಿಂದ ತಿಮಿಂಗಿಲ ನೋಡಿಕೊಂಡು ಬರುವವರನ್ನು ಹತ್ತಿಸಿಕೊಂಡು ಬಂದಿದ್ದರು. ಉಳಿದ ಸೀಟಿಗೂ ಅದೇ ದುಬಾರಿ ಪ್ಯಾಕೇಜಿನ ಹಳದಿ ಕೈಪಟ್ಟಿ ಕಟ್ಟಿಕೊಂಡವರನ್ನು ಮೊದಲು ಕರೆದರು. ಬರೀ ಬಸ್ ಟಿಕೆಟ್ ಇದ್ದವರು ಆಮೇಲೆ. ಎರಡನೇ ಬಸ್ಸೂ ಹೀಗೇ. ಆಮೇಲೆ ಬಹಳ ಹೊತ್ತು ಬಸ್ಸೇ ಇಲ್ಲ.

ಅಪ್ಪನಿಗೆ ಶುಗರ್ ಇದೆ, ಮಂಡಿ ನೋವೂ ಇದೆ. ನಿಂತು ನಿಂತು ಕಾಲು ನಡುಗತೊಡಗಿತು. ಅಮ್ಮನ ಬ್ಯಾಗಿನಲ್ಲಿ ಊರಿಂದ ತಂದ ನಿಪ್ಪಟ್ಟಿನ ಪೊಟ್ಟಣ ಇತ್ತು. ಆದರೆ ಅಲ್ಲಿ ಕರಡಿಗಳು ಓಡಾಡುತ್ತವೆ, ಹೊರಗೆ ತಿಂಡಿ ಬಿಚ್ಚಬಾರದು ಅಂತ ಬೋರ್ಡ್ ಹಾಕಿದ್ದಾರೆ. ಅದು ಸರಿಯಾದ ನಿಯಮವೇ. ಕೊನೆಗೆ ಅಲ್ಲಿನ ರೇಂಜರ್ ಒಬ್ಬರು ಅಪ್ಪನ ಮುಖ ನೋಡಿ ತಾವೇ ಕೇಳಿ ಒಳಗೆ ಕೂರಿಸಿ, ಗ್ಲೂಕೋಸ್ ಮಾತ್ರೆ ತಿನ್ನಲು ಬಿಟ್ಟರು. ಆ ಪುಣ್ಯಾತ್ಮರನ್ನು ನಾನು ಮರೆಯುವುದಿಲ್ಲ. ಬಸ್ ಕಂಪನಿಯ ನಂಬರಿಗೆ ನನ್ನ ಹೆಂಡತಿ ಕರೆ ಮಾಡುತ್ತಲೇ ಇದ್ದಳು. ರಿಂಗ್ ಆಗುತ್ತಿತ್ತು, ಎತ್ತುವವರಿಲ್ಲ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ ವಿಷಯ. ಜೂನೋದಿಂದ ಬೇರೆ ಊರಿಗೆ ರಸ್ತೆಯೇ ಇಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ಅದರ ಹಿಂದೆ ಹಿಮದ ಬಯಲು. ಹಡಗು ಬಿಟ್ಟು ಹೋದರೆ ವಿಮಾನ, ಇಲ್ಲವೇ ಫೆರ್ರಿ. ಅಪ್ಪ ಅಮ್ಮನದು ಇಂಡಿಯನ್ ಪಾಸ್‌ಪೋರ್ಟ್. ಅವು ಹಡಗಿನ ರೂಮಿನ ಲಾಕರಿನಲ್ಲಿದ್ದವು. ಅಮೆರಿಕದ ಬಂದರುಗಳಲ್ಲಿ ಇಳಿಯುವಾಗ ಹಡಗಿನ ಕಾರ್ಡ್, ಫೋಟೋ ಇರುವ ಒಂದು ಗುರುತಿನ ಚೀಟಿ ಸಾಕು ಅಂತ ಹಡಗಿನವರೇ ಹೇಳಿದ್ದರು. ಆದರೆ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ, ವಿದೇಶದಲ್ಲಿ ನೋಂದಣಿಯಾದ ನಮ್ಮಂಥ ಹಡಗುಗಳು ನಡುವೆ ವಿಕ್ಟೋರಿಯಾದಂಥ ಒಂದು ಕೆನಡಾ ಬಂದರನ್ನು ಮುಟ್ಟಲೇಬೇಕು. 1886ರ ಅಮೆರಿಕದ ಕಾನೂನು ಹಾಗಿದೆ. ಅದಕ್ಕೇ ನಮ್ಮ ಹಿರಿಯರಿಗೆ ಕೆನಡಾ ವೀಸಾ ಬೇಕು, ಅಮೆರಿಕದ ವೀಸಾ ಮತ್ತೆ ಒಳಗೆ ಬರಲು ನಡೆಯುವಂಥದ್ದಾಗಿರಬೇಕು. ಎರಡೂ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಹಡಗಿನ ಜೊತೆ ಹೊರಟು ಹೋದರೆ, ಕೈಯಲ್ಲಿ ಏನೂ ಇಲ್ಲದೆ ಎಪ್ಪತ್ತು ದಾಟಿದವರನ್ನು ಕಟ್ಟಿಕೊಂಡು ವಿಮಾನ ನಿಲ್ದಾಣದಲ್ಲಿ ಏನು ಮಾಡುವುದು?

ಯಾರನ್ನೋ ಇಳಿಸಲು ಬಂದ ಟ್ಯಾಕ್ಸಿ ವ್ಯಾನ್ ಒಂದು ಸಿಕ್ಕಿತು. ಅದೇ ಹಡಗಿನ ಇನ್ನೊಂದು ಕುಟುಂಬದ ಜೊತೆ ಹಂಚಿಕೊಂಡು ಬಂದೆವು. ಟಿಕೆಟ್ಟಿನಲ್ಲಿ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಯಿತು. ನಾವು ಓಡಿ ಹೋಗುವಾಗ ಏಣಿಯ ಬಳಿಯ ಟೆಂಟನ್ನು ಮಡಚುತ್ತಿದ್ದರು. ಅಪ್ಪನನ್ನು ಇಬ್ಬರು ಸಿಬ್ಬಂದಿ ತೋಳು ಹಿಡಿದು ಹತ್ತಿಸಿದರು. ಎರಡು ದಿನ ಅವರು ರೂಮು ಬಿಟ್ಟು ಹೊರಗೆ ಬರಲಿಲ್ಲ. ದಾರಿಯ ಇನ್ನೊಂದು ಬಂದರು ಸ್ಕ್ಯಾಗ್‌ವೇಯ ರೈಲು ಅವರ ಬಹುದಿನದ ಆಸೆ, ಅದೂ ಹಾಗೇ ಹೋಯಿತು.

ಹಿರಿಯರು ಜೊತೆಗಿದ್ದರೆ, ಹಡಗು ಹೊರಡುವ ಹೊತ್ತು ಹತ್ತಿರವಿದ್ದರೆ, ಕ್ರೂಸ್ ಕಂಪನಿಯ ಟೂರ್ ದುಬಾರಿಯಾದರೂ ಅದೇ ವಾಸಿ. ಅವರ ಬಸ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಹೊರಗಿನವರ ಹತ್ತಿರ ಕೊಳ್ಳುವುದಾದರೆ ವಾಪಸ್ ಬಸ್ಸಿನ ಸಮಯ ಚೀಟಿಯ ಮೇಲೆ ಬರೆಸಿಕೊಳ್ಳಿ. ಬರೆದು ಕೊಡುವುದಿಲ್ಲ ಅಂದರೆ ಮುಂದಿನ ಕೌಂಟರಿಗೆ ಹೋಗಿ. ಊರಿನ ಸಿಟಿ ಬಸ್ ಅಗ್ಗ, ಆದರೆ ಗ್ಲೇಸಿಯರ್ ಕೇಂದ್ರಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಇರುವಾಗಲೇ ಇಳಿಸುತ್ತದೆ. ಮಂಡಿ ನೋವಿನವರಿಗೆ ಅದು ಆಗದ ಮಾತು. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ಏನೇ ತೋರಿಸಲಿ, ಹಡಗಿನ ಸಮಯವನ್ನೇ ನಂಬಿ. ಪಾಸ್‌ಪೋರ್ಟ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೈಮೇಲೇ ಇಟ್ಟುಕೊಳ್ಳಿ, ಹಡಗಿನವರು ಬೇಡ ಅಂದರೂ ಸರಿ. ಒಂದು ದಿನದ ಮಾತ್ರೆಯೂ ಜೊತೆಗಿರಲಿ. ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡುವ ಏಜೆಂಟ್ ನಂಬರ್ ಹಡಗಿನವರು ದಿನಾ ಕೊಡುವ ಹಾಳೆಯಲ್ಲಿರುತ್ತದೆ, ಇಳಿಯುವ ಮುಂಚೆ ಫೋಟೋ ತೆಗೆದುಕೊಳ್ಳಿ.

ದುಡ್ಡಿನ ವಿಷಯ. ಬಸ್ ಕಂಪನಿ ನನ್ನ ಮೇಲ್‌ಗೆ ಉತ್ತರ ಕೊಡಲಿಲ್ಲ. ಚೀಟಿಯ ಎರಡೂ ಬದಿ, ಆ ಸಾಲು, ಟ್ಯಾಕ್ಸಿಯ ರಸೀದಿ, ಎಲ್ಲದರ ಫೋಟೋ ಹಾಕಿ ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟೆ. ಟಿಕೆಟ್ ಹಣ ವಾಪಸ್ ಬಂತು, ಟ್ಯಾಕ್ಸಿಯದ್ದು ಬರಲಿಲ್ಲ. ನಗದು ಕೊಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ಹಾಗಾಗಿ ಬಂದರಿನ ಕೌಂಟರಿನಲ್ಲಿ ಏನೇ ಕೊಂಡರೂ ಕಾರ್ಡಿನಲ್ಲೇ ಕೊಳ್ಳಿ.